ಎಡಭುಜದ ತೂತು

ಕೊರೊನಾ ಕಳೆದು ಅಮೆರಿಕದ ಗಡಿ ಮತ್ತೆ ತೆರೆದಿದ್ದ ಮರುವರ್ಷ. ಆಗ ನಾನು ಕೆನಡಾದ ಒಂಟಾರಿಯೋ ಪ್ರಾಂತ್ಯದ ವುಡ್‌ಬ್ರಿಡ್ಜಿನ ಇಂಡಸ್ಟ್ರಿಯಲ್ ಪಾರ್ಕಿನ ಒಂದು ಟ್ಯಾಕ್ಸಿಡರ್ಮಿ ಅಂಗಡಿಯಲ್ಲಿ ಎಲ್ಲರಿಗಿಂತ ಹಳೆಯ ಕೆಲಸಗಾರ್ತಿ. ಟ್ಯಾಕ್ಸಿಡರ್ಮಿ ಎಂದರೆ ಸತ್ತ ಪ್ರಾಣಿಯ ಚರ್ಮ ಹದಮಾಡಿ, ಫೋಮಿನ ಅಚ್ಚಿನ ಮೇಲೆ ಹೊದಿಸಿ, ಗಾಜಿನ ಕಣ್ಣಿಟ್ಟು, ಬದುಕಿರುವಂತೆಯೇ ಕಾಣಿಸುವ ಕಸುಬು. ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದಿ, ಕಾಲೇಜಿನ ಮ್ಯೂಸಿಯಮ್ಮಿಗೆ ಹಕ್ಕಿಗಳನ್ನು ಸಿದ್ಧಮಾಡುತ್ತಿದ್ದವಳು ಕೆನಡಾಕ್ಕೆ ಬಂದು ಇದೇ ಕೆಲಸ ಹಿಡಿದೆ. ನೆಂಟರು ಮೂಗು ಮುರಿದರು. ಮುರಿದುಕೊಳ್ಳಲಿ, ಅವರ ಮೂಗು.

ನನ್ನ ಸಂಕಟವೇ ಬೇರೆ. ಹೊಳ್ಳೆಯ ತೇವ, ರೆಪ್ಪೆಯ ಮಡಿಕೆ, ಕಿವಿಯ ತಿರುವು, ಎಲ್ಲವನ್ನೂ ವಾರಗಟ್ಟಲೆ ಕೂತು ತರುವವಳು ನಾನು. ಗೋಡೆಗೆ ಏರಿದ ಮೇಲೆ ಬಂದವರೆಲ್ಲ ಕೇಳುವುದು, ಯಾರು ಹೊಡೆದದ್ದು ಎಂದು. ಬೇಟೆಗಾರರ ಮೇಲೆ ನನಗೆ ಹೊಟ್ಟೆಕಿಚ್ಚು ಇತ್ತು. ಈಗಲೂ ಇದೆ. ಜೀವವಿದ್ದಾಗ ಆ ಪ್ರಾಣಿಯನ್ನು ನೋಡುವ ಭಾಗ್ಯವೂ ಅವರದೇ, ಹೊಗಳಿಕೆಯೂ ಅವರದೇ.

ಆ ಶರತ್ಕಾಲದಲ್ಲಿ ಹತ್ತಿರದ ಅರೋರಾ ಊರಿನಿಂದ ಪುಟ್ಟರಾಜು ಬಂದ. ಮಂಡ್ಯದ ಕಡೆಯವನು, ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರ್. ಹೆಗಲ ಮೇಲೆ ಉಪ್ಪು ಸವರಿದ ಚರ್ಮದ ಮೂಟೆ, ಕೈಯಲ್ಲಿ ಒಂದು ಜೊತೆ ಕೊಂಬು. ಜಿಂಕೆಯ ಜಾತಿಗೆ ತಗಲುವ ಒಂದು ಮಿದುಳಿನ ರೋಗದ ಭಯದಿಂದ ಇಡೀ ತಲೆಯನ್ನು ಒಂಟಾರಿಯೋದೊಳಗೆ ತರುವಂತಿಲ್ಲ. ಚರ್ಮವನ್ನೂ, ಶುಚಿಮಾಡಿದ ಬುರುಡೆಯ ತುಂಡಿನ ಸಮೇತ ಕೊಂಬನ್ನೂ ತರಬಹುದು. ಅವನು ತಂದದ್ದು ವಯೋಮಿಂಗ್ ರಾಜ್ಯದ ಗಂಡು ಎಲ್ಕ್‌ನದು. ನಮ್ಮ ಕಡವೆಗೆ ದೊಡ್ಡಣ್ಣನಂಥ ಪ್ರಾಣಿ ಅದು.

"ಎಷ್ಟೊರ್ಸ ಕಾದಿದ್ದೀನಿ ಗೊತ್ತೇನಕ್ಕ ಈ ಟ್ಯಾಗ್‌ಗೆ!" ಎಂದ. ಟ್ಯಾಗ್ ಎಂದರೆ ಒಬ್ಬ ಬೇಟೆಗಾರ ಒಂದು ಪ್ರಾಣಿ ಹೊಡೆಯಲು ಸರ್ಕಾರ ಕೊಡುವ ಪರವಾನಗಿ. ವಯೋಮಿಂಗಿನಲ್ಲಿ ಹೊರಗಿನವರಿಗೆ ಲಾಟರಿ ಎತ್ತಿ ಕೊಡುತ್ತಾರೆ. ವರ್ಷವರ್ಷವೂ ಅರ್ಜಿ ಹಾಕಿ ಪಾಯಿಂಟು ಕೂಡಿಸುತ್ತ ಕಾಯಬೇಕು. ಜೊತೆಗೆ ಹೋದ ಹೆಂಡತಿಯ ತಮ್ಮ ನಂದೀಶನಿಗೆ ಸಿಕ್ಕಿದ್ದು ಜಿಂಕೆಯ ಟ್ಯಾಗ್ ಮಾತ್ರ. ಪುಟ್ಟರಾಜು ನನ್ನ ಮೇಜಿನ ಹಿಂದೆ ಬಗ್ಗಿ, ಒಂದು ಕಣ್ಣು ಮುಚ್ಚಿ, ಕಥೆಯನ್ನು ಅಭಿನಯಿಸಿಯೇ ತೋರಿಸಿದ. ಎಲ್ಕ್ ತನ್ನ ಬಲಮಗ್ಗುಲನ್ನು ಅವನಿಗೆ ತೋರಿಸುತ್ತ ನಿಂತಿತ್ತಂತೆ. ನಂದೀಶ ಎದುರು ದಿಬ್ಬದ ಮೇಲಿದ್ದನಂತೆ. ಒಂದೇ ಗುಂಡು.

ಮರುದಿನ ಚರ್ಮ ನೆನೆಸಿ ಬಿಡಿಸಿದೆ. ಗುಂಡು ಹೊಕ್ಕ ಕಡೆ ತೂತು ಚಿಕ್ಕದು, ಅಂಚು ಒಳಕ್ಕೆ ಮಡಚಿಕೊಂಡಿರುತ್ತದೆ. ಹೊರಬಿದ್ದ ಕಡೆ ಹರಿದು ಅಗಲವಾಗಿರುತ್ತದೆ. ಇದರಲ್ಲಿ ಚಿಕ್ಕ ತೂತು ಎಡಭುಜದ ಹಿಂದಿತ್ತು. ಎದುರು ದಿಬ್ಬದ ಕಡೆಯದು.

ಅಯ್ಯೋ ಪುಣ್ಯಾತ್ಮ, ಹೊಡೆದದ್ದು ನೀನಲ್ಲವಲ್ಲೋ ಎಂದುಕೊಂಡೆ. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯಾಯಿತು.

ಕೆಲವು ದಿನ ಬಿಟ್ಟು ನಂದೀಶನೇ ಬಂದ. ಪೋರ್ಟ್ ಕ್ರೆಡಿಟ್ಟಿನಲ್ಲಿ ಮನೆ, ಇಂಜಿನಿಯರ್, ಭಾವನಿಗಿಂತ ತುಂಬ ಚಿಕ್ಕವನು. ಕೂರಲೂ ಇಲ್ಲ.

"ಅಕ್ಕ, ತೂತು ಎಡಗಡೆ ಐತಲ್ವಾ? ಒಂದ್ ಫೋಟೋ ತೆಕ್ಕೊಡಿ."

"ಯಾಕಪ್ಪ?"

"ಫ್ಯಾಮಿಲಿ ಗ್ರೂಪಿಗೆ ಹಾಕ್ಬೇಕು. ಹೊಡ್ದಿದ್ದು ನಾನು ಕಣಕ್ಕ! ಭಾವ ಕೈ ನಡುಗುಸ್ಕೊಂಡು ಕೂತ್ಬುಟ್ರು. ಇನ್ನೇನು ಮರದ್ ಸಂದಿಗೆ ನುಗ್ತದೆ ಅಂತ ನಾನೇ ಹೊಡ್ದೆ. ಈಗ ನೋಡುದ್ರೆ ಎಲ್ಲಾರ್ ಮುಂದೆನೂ ಹುಲಿ ಹೊಡ್ದೋರಂಗೆ ಆಡ್ತಾರೆ. ನಮ್ಮವ್ವನೇ ಫೋನ್ ಮಾಡಿ, ನಿಮ್ ಭಾವನ್ ನೋಡಿ ಕಲ್ತ್ಕೋ ಅಂತಾಳೆ. ಹೊಟ್ಟೆ ಉರ್ದೋಯ್ತದೆ ಅಕ್ಕ!"

ಅವನ ಉರಿ ನನಗೆ ಅರ್ಥವಾಯಿತು. ನನಗಿಂತ ಚೆನ್ನಾಗಿ ಯಾರಿಗೆ ಅರ್ಥವಾದೀತು? ಫೋಟೋ ತೆಗೆದುಕೊಡಲು ಕೈ ತುರಿಸಿತು ಕೂಡ. ಆದರೆ ಈ ಹುಡುಗರು ಮಾಡಿದ್ದ ತಪ್ಪು ಅವರಿಗೇ ತಿಳಿದಿರಲಿಲ್ಲ. ಒಂಟಾರಿಯೋದಲ್ಲಿ ಗುಂಪಾಗಿ ಬೇಟೆಗೆ ಹೋದರೆ, ನಿಯಮಕ್ಕೆ ಒಳಪಟ್ಟು, ಒಬ್ಬರ ಟ್ಯಾಗಿಗೆ ಇನ್ನೊಬ್ಬರು ಹೊಡೆಯಬಹುದು. ಇಬ್ಬರೂ ಬೇಟೆ ಕಲಿತದ್ದು ಇಲ್ಲಿ. ವಯೋಮಿಂಗಿನಲ್ಲಿ ಅದೇ ಅಪರಾಧ. ಟ್ಯಾಗ್ ಯಾರದೋ ಅವರೇ ಹೊಡೆಯಬೇಕು.

"ಕೂತ್ಕೋ," ಎಂದು ಗದರಿದೆ. "ಆ ಫೋಟೋ ಗ್ರೂಪಿಗೆ ಬಿತ್ತು ಅಂದ್ರೆ ಮೊದಲ ಕಳ್ಳ ನೀನೇ. ನಿನ್ ಭಾವ ಎರಡನೆಯವನು. ಈ ಎಲ್ಕ್ ತಲೆ ಜಪ್ತಿ ಆಗತ್ತೆ, ದಂಡ ಬೀಳತ್ತೆ, ಆಮೇಲೆ ಅಮೆರಿಕದಲ್ಲಿ ಬೇಟೆ ಅನ್ನೋ ಮಾತೇ ಇಲ್ಲ."

ಅವನ ಮುಖ ಬಿಳಿಚಿಕೊಂಡಿತು. ಕೂತು ಆ ತೂತಿನ ಮೇಲೆ ಬೆರಳಿಟ್ಟ.

"ಅಂದ್ರೆ ಯಾರ್ಗೂ ಹೇಳಂಗೇ ಇಲ್ವಾ?"

"ಇಲ್ಲ."

"ಸಾಯೋ ಗಂಟ?"

ಅವನು ಎದ್ದು, ಬಾಗಿಲನ್ನು ದಡಾರನೆ ಎಳೆದುಕೊಂಡು ಹೋದ.

ಆಮೇಲೆ ಭಾವ ಭಾಮೈದರ ಮಾತು ನಿಂತುಹೋಯಿತು. ನನಗೆ ಇದು ತಿಳಿದದ್ದು ಪುಟ್ಟರಾಜುವಿನ ಹೆಂಡತಿ ಸವಿತಾಳಿಂದ. ಅರೋರಾದಲ್ಲಿ ಅವರು ಹೊಸ ಮನೆ ಕೊಂಡಿದ್ದರು. ಗೃಹಪ್ರವೇಶಕ್ಕೆ ತವರಿನ ಸೀರೆಯನ್ನು ತಮ್ಮನೇ ತರಬೇಕು. ಈ ದೇಶದಲ್ಲಿ ಅವಳಿಗೆ ತವರು ಅಂತ ಇದ್ದವನು ಅವನೊಬ್ಬನೇ. ಎಲ್ಕ್ ತಲೆ ಯಾವಾಗ ಸಿಗುತ್ತದೆಂದು ಕೇಳಲು ಫೋನ್ ಮಾಡಿದವಳು ಅಳುವುದಕ್ಕೇ ಶುರುಮಾಡಿದಳು. "ಆ ಹಾಳಾದ್ ಕೊಂಬು ಮನೆಗ್ ಬಂದ್ರೆ ನಾನ್ ಬರಲ್ಲ ಅಂತವ್ನೆ ಅಕ್ಕ. ಏನ್ ಜಗಳ ಅಂತ ಇಬ್ರೂ ಬಾಯ್ ಬುಡ್ತಿಲ್ಲ." ನಾನೂ ಬಾಯಿ ಬಿಡಲಿಲ್ಲ. ಅವಳು ಫೋನಿಟ್ಟ ಮೇಲೆ ಆ ಇಬ್ಬರನ್ನೂ ಬೈದುಕೊಂಡೇ ಕೆಲಸ ಮಾಡಿದೆ.

ಎಡಭುಜದ ತೂತನ್ನು ಒಳಗಿನಿಂದ ಹೊಲಿದು, ಕೂದಲನ್ನು ಅದರ ಮೇಲೆ ಬಾಚಿ ಕೂರಿಸಿದೆ. ಭುಜದ ಸಮೇತ ಸಿದ್ಧವಾದ ತಲೆಯನ್ನು ಒಯ್ಯಲು ಬಂದ ಪುಟ್ಟರಾಜು ಅದರ ಬಲಗಡೆ ನೋಡಲೇ ಇಲ್ಲ. ನೇರ ಎಡಕ್ಕೆ ಹೋಗಿ ಕೂದಲ ಮೇಲೆ ಕೈಯಾಡಿಸಿದ.

"ನಿಮಗ್ ಗೊತ್ತಾಗಿರ್ತದೆ," ಎಂದ.

"ಗೊತ್ತು."

"ಇದನ್ನ ಅವನಿಗೇ ಕೊಟ್ಬುಡಾಣ ಅನ್ಸ್ತದೆ ಅಕ್ಕ. ಆದ್ರೆ ಇಷ್ಟೊರ್ಸ ಕಾದೋನು ನಾನು. ಅವನು ಬಂದ, ಹೊಡ್ದ, ಮುಗೀತು. ಆ ಗಳಿಗೆ ಅವನಿಗ್ ಸಿಕ್ತಲ್ಲ ಅಂತ ನೆನುಸ್ಕೊಂಡ್ರೆ ಊಟ ಇಳಿಯಲ್ಲ."

ಕಾಯ್ದೆ ಏನು ಹೇಳುತ್ತದೆಂದು ಅವನಿಗೂ ಹೇಳಿದೆ. "ಗೋಡೆಗೆ ಹಾಕ್ಕೋ. ಆದರೆ ನಾನು ಹೊಡ್ದೆ, ನಾನು ಹೊಡ್ದೆ ಅಂತ ಅವನ ಮುಂದೆ ಎದೆ ಬಡ್ಕೋಬೇಡ. ಅವನಿಗೆ ಫೋನ್ ಮಾಡಿ ಸವಿತಾ ಅಳ್ತಿದಾಳೆ ಅಂತ ಹೇಳು. ಅಷ್ಟು ಸಾಕು." ಅವನು ಹೂಂ ಎಂದು ಅಲ್ಲೇ ಫೋನ್ ಕೈಗೆತ್ತಿಕೊಂಡ.

ಗೃಹಪ್ರವೇಶಕ್ಕೆ ನಂದೀಶ ಬಂದ. ಸೀರೆ ಕೊಟ್ಟ, ಅಕ್ಕನ ಕಾಲಿಗೆ ನಮಸ್ಕರಿಸಿದ, ಭಾವನ ಮುಖ ನೋಡಲಿಲ್ಲ. ಮರುದಿನ ಬೇಸ್‌ಮೆಂಟಿನಲ್ಲಿ ಬಾಡೂಟ. ನನಗೂ ಕರೆ ಇತ್ತು. ಎಲೆ ಮುಂದೆ ಕೂತವರೆಲ್ಲರ ಕಣ್ಣು ಗೋಡೆಯ ಮೇಲಿದ್ದ ಎಲ್ಕ್ ಕಡೆಗೆ. "ಪುಟ್ಟರಾಜಣ್ಣ, ಹೆಂಗ್ ಹೊಡುದ್ರಿ ಹೇಳಿ!" ಎಂದು ಯಾರೋ ಕೂಗಿದರು. ಪುಟ್ಟರಾಜು ಬಾಯಿ ತೆರೆದ. ನಂದೀಶ ಕೈಯಲ್ಲಿದ್ದ ಮುದ್ದೆಯನ್ನು ಎಲೆಗೆ ಇಟ್ಟ. ಪುಟ್ಟರಾಜು ನೀರಿನ ಲೋಟ ಎತ್ತಿಕೊಂಡ. ಸವಿತಾ ಸಾರಿನ ಸೌಟು ಹಿಡಿದು ಒಮ್ಮೆ ಗಂಡನನ್ನು, ಒಮ್ಮೆ ತಮ್ಮನನ್ನು ನೋಡಿದಳು.

"ನಾನ್ ಹೇಳ್ತೀನಿ," ಎಂದ ನಂದೀಶ.

ಬೇಡವೋ ಎಂದು ನಾನು ಕಣ್ಣಲ್ಲೇ ಗದರಿದೆ.

"ಭಾವ ಬಂಡೆಗೆ ಮೊಣಕೈ ಊರ್ಕೊಂಡ್ರು," ಎಂದು ಶುರುಮಾಡಿದ. "ಹುಲ್ ಮೇಲೆಲ್ಲ ಮಂಜು. ಅದು ತಲೆ ಎತ್ತಿ ಉಸುರು ಬುಡ್ತು ನೋಡಿ, ಮೂತಿ ಮುಂದೆಲ್ಲ ಹೊಗೆ! ಭಾವನ್ ಕಿವೀಲಿ ಅವರ್ ಎದೆ ಬಡಿತನೇ ಕೇಳ್ತಾ ಇತ್ತು. ಒಂದೇ ಗುಂಡು. ಹತ್ರ ಹೋಗಿ ಕತ್ ಮುಟ್ಟುದ್ರೆ ಇನ್ನೂ ಬಿಸಿ. ಭಾವನ್ಗೆ ಅಳು ಬಂದ್ಬುಡ್ತು." ಯಾರೂ ಊಟ ಮಾಡಲಿಲ್ಲ. ಅವನು ಒಂದೊಂದನ್ನೂ ಹೇಳಿದ, 'ನಾನು' ಎಂಬಲ್ಲೆಲ್ಲ 'ಭಾವ' ಎಂದು ಸೇರಿಸಿ. ಕೊನೆಗೆ ಅವನ ಕಣ್ಣಲ್ಲೇ ನೀರಿತ್ತು.

ಎಲ್ಲರೂ ಪುಟ್ಟರಾಜುವಿನ ಕೈ ಕುಲುಕಿದರು. ಸವಿತಾ ತಮ್ಮನ ಎಲೆಗೆ ಇನ್ನೊಂದು ಸೌಟು ಸಾರು ಸುರಿದಳು. ಪುಟ್ಟರಾಜು ನನ್ನ ಪಕ್ಕಕ್ಕೆ ಬಂದು ಪಿಸುಗುಟ್ಟಿದ: "ಎಲ್ಲ ಕೊಟ್ಬುಟ್ಟ ನೋಡಿ ಅಕ್ಕ. ಆದ್ರೂ ಹೊಟ್ಟೆ ಉರೀತದಲ್ಲ, ಏನ್ ಮಾಡ್ಲಿ?"

"ಉರೀಲಿ ಬಿಡು. ಉರ್ಕೊಂಡೇ ಅವನ ಪಕ್ಕ ಹೋಗಿ ಕೂತ್ಕೊಂಡು ಊಟ ಮಾಡು," ಎಂದೆ. ಅವನು ಹೋಗಿ ಕೂತ. ಇಷ್ಟು ವರ್ಷದ ಕೆಲಸ ನನಗೆ ಕಲಿಸಿರುವುದೂ ಅಷ್ಟೇ: ಹೊಟ್ಟೆಕಿಚ್ಚು ಆರುವವರೆಗೆ ಕಾದರೆ ಯಾರ ಪಕ್ಕದಲ್ಲೂ ಕೂರಲು ಆಗುವುದಿಲ್ಲ.