ಹತ್ತನೇ ನಂಬರಿನ ಅಂಗಿ

ಶಾಲೆಯ ಆಟದ ತಂಡಗಳಿಗೆ ಅಂಗಿ ಹೊಲಿಯುವ ಆಕೆಯನ್ನು ಬೀದಿಯವರೆಲ್ಲ ‘ನಂಬರಕ್ಕ’ ಎನ್ನುತ್ತಾರೆ. ಮೂವತ್ತು ವರ್ಷದಿಂದ ಬೆನ್ನ ಮೇಲೆ ಅಂಕಿ ಹೊಲಿಯುವುದೇ ಅವಳ ಕಸುಬು. ಬಾಡಿಗೆಯ ಈ ಅಂಗಡಿ ಕೋಣೆಯನ್ನು ಒಂದಲ್ಲ ಒಂದು ದಿನ ಕೊಂಡುಕೊಳ್ಳಬೇಕೆಂದು, ಉಳಿಸಿದ್ದನ್ನೆಲ್ಲ ಜಗತ್ತಿನ ಅತಿ ದೊಡ್ಡ ನೂರು ಕಂಪನಿಗಳ ಷೇರು ಕೊಳ್ಳುವ ಫಂಡಿಗೆ ಹಾಕಿದ್ದಳು. ಆ ನೂರು ಹೆಸರುಗಳ ಪಟ್ಟಿಯನ್ನು ಹೊಲಿಗೆ ಯಂತ್ರದ ಎದುರಿನ ಗೋಡೆಗೆ ಅಂಟಿಸಿದ್ದಳು.

ಈ ವರ್ಷದ ಪಟ್ಟಿ ಬಂದಾಗ ಅದರಲ್ಲಿ ಆರು ಹಳೆಯ ಹೆಸರುಗಳು ಇರಲಿಲ್ಲ. ನಂಬರಕ್ಕ ಹಳೆಯ ಪಟ್ಟಿಯ ಪಕ್ಕ ಅದನ್ನು ಹಿಡಿದು ಮತ್ತೊಮ್ಮೆ ಎಣಿಸಿದಳು.

“ಬಡ್ಕೊಂಡೆ ನಾನು! ಆರು ಕಂಪನಿ ಮುಳುಗಿದ್ವು, ಜೊತೆಗೆ ನೀನು ಕೊಳ್ಬೇಕಂತಿದ್ದ ಕೋಣೆಯ ಒಂದು ಗೋಡೆನೂ ಹೋಯ್ತು. ಇವತ್ತೇ ಎಲ್ಲಾ ಮಾರ್ಬಿಡಕ್ಕ,” ಎಂದ ಅಂಗಡಿಗೆ ಬಂದಿದ್ದ ಅವಳ ತಮ್ಮ.

ಗುಂಡಿ ಹಚ್ಚುತ್ತಿದ್ದ ಮಗಳು ತಲೆ ಎತ್ತಿದಳು. “ಸುಮ್ನಿರು ಮಾವ. ಅವು ಮುಳುಗಿಲ್ಲ, ಸಣ್ಣದಾದ್ವು ಅಷ್ಟೆ. ಫಂಡಿನವರು ಅವನ್ನ ಮಾರಿ, ಅವಕ್ಕಿಂತ ದೊಡ್ಡದಾದ ಆರನ್ನ ತಗೊಂಡಿದಾರೆ.”

ನಂಬರಕ್ಕ ಮಡಿಲಲ್ಲಿದ್ದ ಅಂಗಿ ನೋಡಿದಳು. ಹತ್ತನೇ ನಂಬರು. ಹೋದ ವರ್ಷ ತೊಟ್ಟ ಹುಡುಗಿ ಶಾಲೆ ಮುಗಿಸಿದ್ದಳು. ಅದನ್ನೀಗ ಹೊಸಬಳಿಗೆ ಹೊಂದಿಸಬೇಕಿತ್ತು.

“ಅಂದ್ರೆ ಆಡೋರು ಬದಲಾಗ್ತಾರೆ, ತಂಡ ಹಾಗೇ ಇರುತ್ತೆ ಅನ್ನು.”

“ಆದ್ರೆ ತಂಡವೇ ಸೋಲೋ ವರ್ಷಾನೂ ಬರುತ್ತಮ್ಮ.”

“ಸೋತ ವರ್ಷಾನೂ ಅಂಗಿ ಹೊಲಿಸೋಕೆ ಬರ್ತಾರಲ್ಲೇ! ನಾನು ಮಾರಲ್ಲ,” ಎಂದವಳು ತಮ್ಮನತ್ತ ತಿರುಗಿದಳು. “ನೀನು ಬೇಕಿದ್ರೆ ಮೈದಾನದ ಹೊರಗೆ ನಿಂತು ಸೀಟಿ ಊದು.”

ಗೋಡೆಗೆ ಹೊಸ ಪಟ್ಟಿ ಬಂತು. ಹಳೆಯದರ ಹಿಂಬದಿ ಖಾಲಿಯಿತ್ತು. ನಂಬರಕ್ಕ ಅದರ ಮೇಲೆ ಹೊಸ ಹುಡುಗಿಯ ಅಳತೆ ಬರೆದುಕೊಂಡಳು.