ಕೊಟ್ರೇಶಣ್ಣನಿಗೆ ಉಳಿದಿದ್ದ ಅರ್ಧ ಹಾಡು

ಪಿಳ್ಳಮ್ಮನ ಮುತ್ತಜ್ಜಿ ಚನ್ನಕ್ಕ ಪ್ಲೇಗಿನ ಕಾಲದವಳು. ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ, ಹೆಣ ಹೊರಲು ಹೆಗಲು ಸಿಕ್ಕದ ಮನೆಗಳ ಮುಂದೆ ಒಬ್ಬಳೇ ಕೂತು ಹಾಡಿ ಅತ್ತವಳು. ಅಜ್ಜಿ ಮುನಿಯಕ್ಕ ಇನ್ನೂ ಗಟ್ಟಿಗಿತ್ತಿ. ಶಾನುಭೋಗನ ಹೆಣದ ತಲೆದೆಸೆಯಲ್ಲಿ ಕೂತು, ಅವನು ಕದ್ದುಮುಚ್ಚಿ ಪಕ್ಕದ ಹೊಲದ ಬಾಂದುಕಲ್ಲು ಸರಿಸಿದ್ದನ್ನು ರಾಗವಾಗಿ ಹಾಡಿಬಿಟ್ಟಳು. ತಿಥಿಯ ಊಟ ಮುಗಿಯುವುದರೊಳಗೆ ಮಗ ಹೋಗಿ ಕಲ್ಲನ್ನು ಹಿಂದಿನ ಜಾಗಕ್ಕೇ ನೆಟ್ಟು ಬಂದ. ತಾಯಿ ಹುಚ್ಚಮ್ಮನದು ಸೊಲ್ಲು ಹೇಳುವ ಕೆಲಸ. ಮುಂದಿನವರು ಒಂದು ಸಾಲು ಹಾಡಿದರೆ ಹಿಂದಿನಿಂದ “ದಿಟ ಕಣಣ್ಣ, ದಿಟ ಕಣೋ” ಎಂದು ಒಪ್ಪಿಗೆ ಕೊಡುವುದು. ಆ ದನಿ ಕೇಳಿದರೆ ಕೊಟ್ಟಿಗೆಯ ದನವೂ ಮೆಲುಕು ನಿಲ್ಲಿಸುತ್ತಿತ್ತಂತೆ.

ಅಳುಹಾಡಿಗೆ ಆ ಮನೆತನದ್ದೊಂದು ಕಟ್ಟಳೆ ಇತ್ತು. ಸತ್ತವನ ಒಳಿತು ಅರ್ಧ ಹಾಡಬೇಕು, ಕೆಡುಕು ಅರ್ಧ ಹಾಡಬೇಕು. ಬರೀ ಹೊಗಳಿ ಕಳಿಸಿದರೆ ಜೀವ ಹೊಸ್ತಿಲ ಮೇಲೆ ಒಂಟಿಕಾಲಲ್ಲಿ ನಿಂತುಬಿಡುತ್ತದೆ, ಒಳಗೂ ಬಾರದು, ಹೊರಗೂ ಹೋಗದು. ಇನ್ನು ಹೆಣವಿಲ್ಲದ ಕಡೆ ಹಾಡುವಂತೆಯೇ ಇಲ್ಲ. ಹಾಡಿದರೆ ಹಾಡೇ ಹೆಣ ಹುಡುಕಿಕೊಂಡು ಹೊರಡುತ್ತದೆ.

ಪಿಳ್ಳಮ್ಮ ದಾಸರಹಳ್ಳಿಯ ಕೆರೆ ಕೆಳಗಿನ ಗದ್ದೆಯಲ್ಲಿ ನಾಟಿ ಹಾಕಿ ಬೆಳೆದವಳು. ಗದ್ದೆ ಹೋಗಿ ಶೆಡ್ಡುಗಳು ಎದ್ದ ಮೇಲೆ ಅಂಥದ್ದೇ ಒಂದು ಶೆಡ್ಡಿನಲ್ಲಿ ಬೋಲ್ಟು ಆರಿಸಲು ಕೂತಳು. ಪ್ರೆಸ್ಸು ಮೆಷಿನ್ನಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳ ಗಂಟಲು ಕಂಚಾಯಿತು.

ಕೂಡ್ಲಿಗಿ ಕಡೆಯ ಕೊಟ್ರೇಶ ಆಗ ಪೀಣ್ಯದಲ್ಲಿ ಕ್ಯಾಸೆಟ್ ಕಂಪನಿ ಶುರು ಮಾಡಿದ್ದ. ಊಟದ ಬಿಡುವಿನಲ್ಲಿ ಹೆಂಗಸರು ಹಾಡುವುದು ಕಿವಿಗೆ ಬಿದ್ದು ಸ್ಕೂಟರ್ ನಿಲ್ಲಿಸಿದ. ತಾಯಿ ಮಗಳನ್ನು ಕರೆದೊಯ್ದು, ಗೋಡೆಗೆಲ್ಲ ಗೋಣಿ ಬಡಿದ ಕೋಣೆಯಲ್ಲಿ ಕೂರಿಸಿದ. ಸೋಬಾನೆ ಆಯಿತು, ರಾಗಿ ಬೀಸುವ ಹಾಡಾಯಿತು. ಅಳುಹಾಡು ಹಾಡಿ ಎಂದಾಗ ಹುಚ್ಚಮ್ಮ ಸೆರಗು ಕೊಡವಿ ಎದ್ದೇಬಿಟ್ಟಳು.

“ಹೆಣ ಎಲ್ಲೈತೆ?”

“ಯವ್ವಾ, ಹೆಣ ಎಲ್ಲಿಂದ ತರ್ಲಿ ನಾನು? ಸಂತ್ಯಾಗ ಸಿಗ್ತತೇನು?”

“ಇಲ್ದಿದ್ರೆ ಆಡಾಕಿಲ್ಲ. ನಡಿಯೇ ಪಿಳ್ಳಿ.”

ಕೊಟ್ರೇಶ ತಲೆ ಕೆರೆದುಕೊಂಡ. ಆಮೇಲೆ ಮೇಜಿನ ಬಿಳಿ ಹೊದಿಕೆ ಎಳೆದುಕೊಂಡು, ನೆಲದ ಮೇಲೆ ಅಂಗಾತ ಮಲಗಿ, ಮುಖ ಮುಚ್ಚಿಕೊಂಡ. “ತಗೋ, ನಾನೇ ಹೆಣ. ಈಗ ಹಾಡು.”

ಪಿಳ್ಳಮ್ಮ ನಗು ನುಂಗಿಕೊಂಡು ಹಾಡಿದಳು, ಹುಚ್ಚಮ್ಮ ಹಿಂದೆ ಕೂತು ಸೊಲ್ಲು ಕೊಟ್ಟಳು. ಅವತ್ತಷ್ಟೇ ಕಂಡ ಮನುಷ್ಯ, ಅವನ ಒಳಿತು ಒಂದಿಷ್ಟು ಗೊತ್ತಿತ್ತು, ಕೆಡುಕು ಗೊತ್ತಿರಲಿಲ್ಲ. ಒಳಿತಿನ ಅರ್ಧ ಹಾಡಿ ನಿಲ್ಲಿಸಿದಳು. ದಾರಿಯುದ್ದಕ್ಕೂ ಹುಚ್ಚಮ್ಮ ಗೊಣಗಿದಳು: “ಅರ್ಧ ಉಳ್ಕಂತು ಕಣೇ. ಯಾವತ್ತಿದ್ರೂ ನೀನೇ ತೀರಿಸ್ಬೇಕು.”

ಕ್ಯಾಸೆಟ್ಟು ಬಂತು. ತುಮಕೂರು ರಸ್ತೆಯ ಲಾರಿಗಳಲ್ಲಿ, ಟೀ ಅಂಗಡಿಗಳಲ್ಲಿ ಪಿಳ್ಳಮ್ಮನ ದನಿ ಹರಿದಾಡಿತು. ಕ್ಯಾಸೆಟ್ಟಿನ ಡಬ್ಬಿಯ ಮೇಲೆ ಮಾತ್ರ ತುಟಿಗೆ ಬಣ್ಣ ಬಳಿದುಕೊಂಡ ಯಾರದೋ ಪಟ, ಯಾರದೋ ಹೆಸರು. ಮುಂದೆ ಕೊಟ್ರೇಶ ವೈಟ್‌ಫೀಲ್ಡಿನ ಟಿವಿ ಚಾನೆಲ್ಲೊಂದರ ದೊಡ್ಡ ಸಾಹೇಬನಾದ. ‘ಅಳುವ ಅಜ್ಜಿ’ ಎಂದು ಪಿಳ್ಳಮ್ಮನನ್ನು ನಗೆಯಾಟದ ಕಾರ್ಯಕ್ರಮಕ್ಕೆ ಕರೆಸಿದ. ಅವಳು ದನಿ ಎತ್ತಿದೊಡನೆ ಎದುರು ಕೂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವತ್ತೇ ಅವಳು ಹಾಡುವುದು ಬಿಟ್ಟಳು.

ಆದರೂ ಹುಚ್ಚಮ್ಮ ತೀರಿಕೊಂಡ ವರ್ಷ ಪಿಳ್ಳಮ್ಮ ಅದೇ ಕ್ಯಾಸೆಟ್ಟು ಹಾಕಿ, ಟೇಪ್‌ರೆಕಾರ್ಡರನ್ನು ಕಿವಿಗೊತ್ತಿಕೊಂಡು ಅತ್ತಳು. ಸುಟ್ಟು ಬೂದಿಯಾದ ತಾಯಿಯ ದನಿ ಅದರಲ್ಲಿ ಹಸಿಹಸಿಯಾಗಿತ್ತು. ಆ ಮಹಾರಾಯ ಸ್ಕೂಟರ್ ನಿಲ್ಲಿಸದಿದ್ದರೆ ಅದೂ ಗಾಳಿ ಪಾಲಾಗುತ್ತಿತ್ತು.

ಕೊಟ್ರೇಶ ಸತ್ತ ಸುದ್ದಿ ಬಂದ ಮೇಲೆ ಪಿಳ್ಳಮ್ಮನಿಗೆ ಮಧ್ಯಾಹ್ನದ ಜೋಂಪಿನಲ್ಲಿ ಒಂದೇ ಕನಸು. ಲಗ್ಗೆರೆಯ ಅವಳ ಕೋಣೆಯ ನೆಲದಲ್ಲಿ ನೀರು ನಿಂತು ಹಳೆಯ ಗದ್ದೆಯಾಗುತ್ತದೆ. ಭತ್ತದ ಸಸಿಗಳ ನಡುವೆ ಬಿಳಿ ಹೊದಿಕೆ ತೇಲುತ್ತದೆ. ಹೊದಿಕೆ ಸರಿಸಿ ಕೊಟ್ರೇಶ ಒಂದು ಕಣ್ಣು ತೆರೆಯುತ್ತಾನೆ. “ಮುಗೀತೇನವ್ವಾ? ಏಳಲೇನು?” “ಇಲ್ಲ ಕಣಣ್ಣ, ಅರ್ಧ ಐತೆ.” ಅವನು ನಿಟ್ಟುಸಿರು ಬಿಟ್ಟು ಮತ್ತೆ ಮುಖ ಮುಚ್ಚಿಕೊಳ್ಳುತ್ತಾನೆ.

ಅಷ್ಟರಲ್ಲಿ ಕೊಟ್ರೇಶನ ಮಗಳು ಸವಿತಾ ಲಗ್ಗೆರೆಯ ಓಣಿಗೆ ಬಂದಳು. “ಅಜ್ಜಿ, ಕಾಡುಗೋಡೀಲಿ ಅಪ್ಪನ ಹೆಸರಲ್ಲಿ ಒಂದು ಸಭೆ ಇದೆ. ನೀವು ಬಂದು ಹಾಡ್ಬೇಕು. ಒಳ್ಳೇದಷ್ಟೇ ಸಾಕು.”

“ಒಳ್ಳೇದು ಅವತ್ತು ನಿಮ್ಮಪ್ಪ ಹೆಣ ಆಗಿ ಮಲಗಿದ್ದಾಗ್ಲೇ ಆಡಿವ್ನಿ ಕಣವ್ವ. ನಾ ಬಂದ್ರೆ ಉಳಿದಿದ್ದಕ್ಕೇ ಬರೋದು. ನಿಮ್ಮಪ್ಪ ಇನ್ನಾ ಒಸ್ಲು ಮ್ಯಾಲೇ ನಿಂತವ್ರೆ.”

ಸವಿತಾಳ ಮುಖ ಸಣ್ಣಗಾಯಿತು. ಆದರೂ ಸಭೆಯ ದಿನ, ಹೊತ್ತು ಚೀಟಿಯಲ್ಲಿ ಬರೆದುಕೊಟ್ಟು ಹೋದಳು.

ಸಭೆಯಲ್ಲಿ ಹೂವಿನ ಹಾರದ ನಡುವೆ ಕೊಟ್ರೇಶನ ಪಟ ನಗುತ್ತಿತ್ತು. ಮಾತಾಡಿದವರೆಲ್ಲ ಅವನನ್ನು ಬೆಲ್ಲದಚ್ಚು ಮಾಡಿದರು. ಪಿಳ್ಳಮ್ಮ ಪಟದ ಮುಂದೆ ನೆಲದ ಮೇಲೆ ಕೂತು ಕಣ್ಣು ಮುಚ್ಚಿದಳು.

“ದನಿ ನನ್ನದು ಕೊಂಡೋಗಿ ಮೋರೆ ಬ್ಯಾರೇದು ಕಟ್ಟಿದೆಯೋ ನನ್ನಣ್ಣ...”

 ಚಾನೆಲ್ಲಿನ ಮ್ಯಾನೇಜರ್ ಈರೇಶ್ ಧಡಕ್ಕನೆದ್ದು ಸೌಂಡಿನವನ ಹತ್ತಿರ ಓಡಿದ. “ಮೈಕ್ ಕಟ್ ಮಾಡು ಗುರು!” ಮೈಕು ಸತ್ತಿತು. ಪ್ರೆಸ್ಸು ಮೆಷಿನ್ನಿಗೇ ಬಗ್ಗದ ಗಂಟಲು ಸಾಯಲಿಲ್ಲ.

“ಅಳೋ ಆಡ ತಕ್ಕೊಂಡು ನಗೋರ ಮುಂದೆ ಚೆಲ್ಲಿದೆಯೋ ನನ್ನಣ್ಣ...”

“ಹಳೇ ರೆಕಾರ್ಡಿಂಗ್ ಹಾಕು, ಜೋರಾಗಿ ಹಾಕು!” ಈರೇಶ್ ಕೂಗಿದ.

ಅವಳ ದನಿ ಮುಚ್ಚಿಹಾಕಲು ಅವರು ಕೊಟ್ರೇಶನನ್ನು ಮಲಗಿಸಿ ಹಾಡಿದ್ದ ಆ ಹಳೆಯ ಹಾಡನ್ನೇ ಬಿಟ್ಟರು. ಹರೆಯದ ಪಿಳ್ಳಮ್ಮ ಸ್ಪೀಕರಿನಿಂದ ಹಾಡಿದಳು: “ಗದ್ದೆ ಬದುವಿನ ದನಿಯ ದ್ಯಾವರಂಗೆ ಎತ್ಕೊಂಡೆಯೋ ನನ್ನಣ್ಣ...” ಬೆನ್ನಲ್ಲೇ ಹುಚ್ಚಮ್ಮ ಸೊಲ್ಲು ಕೊಟ್ಟಳು: “ದಿಟ ಕಣಣ್ಣ, ದಿಟ ಕಣೋ.”

ಪಿಳ್ಳಮ್ಮ ಸೊಲ್ಲಿಲ್ಲದೆ ಹಾಡಲು ಬಂದಿದ್ದಳು, ಅವ್ವ ಬಂದು ಬೆನ್ನ ಹಿಂದೆ ಕೂತಿದ್ದಳು. ಹರೆಯದವಳು ಒಳಿತು ಹಾಡಿದಳು. ಅವಳು ಉಸಿರು ತೆಗೆದುಕೊಳ್ಳುವ ತೆರಪಿನಲ್ಲಿ ಮುದುಕಿ ಕೆಡುಕು ಹಾಡಿದಳು. ಎರಡಕ್ಕೂ ಹುಚ್ಚಮ್ಮ ದಿಟ ಎಂದಳು. ನೆಲ ಒದ್ದೆಯಾದಂತೆ, ಕಾಲಬೆರಳ ಸಂದಿಗೆ ಕೆಸರು ನುಗ್ಗಿದಂತೆ, ಬಿಳಿ ಹೊದಿಕೆ ತಾನಾಗಿ ಮಡಿಸಿಕೊಂಡಂತೆ ಪಿಳ್ಳಮ್ಮನಿಗೆ ಕಂಡಿತು. ಯಾರೋ ಎದ್ದು, ಧೂಳು ಕೊಡವಿಕೊಂಡು, ಬಾಗಿಲು ದಾಟಿದರು.

ಈರೇಶ್ ಹಾಡು ನಿಲ್ಲಿಸಲು ಕೈ ಚಾಚಿದಾಗ ತಡೆದವಳು ಸವಿತಾ. “ಬಿಡಿ, ಪೂರ್ತಿ ಆಗ್ಲಿ.”

ಮುಗಿದ ಮೇಲೆ ಅವಳೇ ಓಡಿಬಂದು ಮುದುಕಿಯ ತೋಳು ಹಿಡಿದಳು. ಕಣ್ಣು ಕೆಂಪಾಗಿತ್ತು. “ಆ ಹಾಡಿನ ಮೇಲೆ ನಿಮ್ಮ ಹೆಸರು, ನಿಮ್ಮಮ್ಮನ ಹೆಸರು ಹಾಕಿಸ್ತೀನಿ ಅಜ್ಜಿ.”

“ಅದು ನಿಮ್ಮಪ್ಪ ಸರಿಸಿದ ಬಾಂದುಕಲ್ಲು, ನೆಟ್ಕೊಳವ್ವ.”

“ಕಾರಲ್ಲಿ ಲಗ್ಗೆರೆ ತನಕ ನಾನೇ ಬಿಟ್ಟು ಬರ್ತೀನಿ, ಬನ್ನಿ.”

ಪಿಳ್ಳಮ್ಮ ತೋಳು ಬಿಡಿಸಿಕೊಂಡು, ಹಿಂದಿರುಗಿ ನೋಡದೆ ಸೆರಗು ಬಿಗಿದಳು.

“ಬ್ಯಾಡ ಕಣವ್ವ. ಆಡಿದೋಳ್ನ ಹೆಣದ ಮನೆಯೋರು ಕಳಿಸ್ಕೊಡಬಾರ್ದು. ನಿಮ್ಮಪ್ಪ ಈಗ ತಾನೇ ಒಸ್ಲು ದಾಟವ್ರೆ, ನಿನ್ನ ಕಾರು ಕಂಡು ನನ್ನ ಬೆನ್ನಿಗೇ ಒಳೀಕೆ ಅತ್ಕಂಡ್ರೆ ಏನ್ ಮಾಡ್ಲಿ? ಮೆಟ್ರೋ ಐತೆ, ಕಾಲೈತೆ. ನಾನೊಬ್ಳೇ ಓಯ್ತೀನಿ.”