ಬೋರ್ಡಿನ ಮೇಲೆ ಉಳಿದ ಡಬ್ಬಿ

ಸರ್ ಅವರ ಎಡ ಅಂಗೈ ಸದಾ ಸುಣ್ಣದ ಬಿಳುಪು. ಬೋರ್ಡು ಒರೆಸಲು ಬಟ್ಟೆ ಮುಟ್ಟಿದವರೇ ಅಲ್ಲ. ಅಂಗೈಯಿಂದ ಒರೆಸಿ, ಅದೇ ಕೈಯಲ್ಲಿ ತಲೆ ಕೆರೆದುಕೊಂಡು, ಮಧ್ಯಾಹ್ನದ ಹೊತ್ತಿಗೆ ಕೂದಲು ಬೆಳ್ಳಗಾಗಿ ಮುದುಕರಾಗಿರುತ್ತಿದ್ದರು.

ತೊಂಬತ್ತರ ದಶಕದ ನಡುವೆ, ಲಿಂಗಸುಗೂರಿನ ಬಟ್ಟೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಅವರು ಕಂಪ್ಯೂಟರ್ ಕಲಿಸುತ್ತಿದ್ದರು. ಇದ್ದದ್ದು ಒಂದೇ ಮಷೀನು. ಕರೆಂಟ್ ಹೋದರೆ ಸರ್‌ಗೆ ಖುಷಿ, ಚಾಕ್ ಹಿಡಿಯಬಹುದಲ್ಲ. ಮಷೀನಿಗೆ ಮಾಹಿತಿ ತುಂಬುವ ಮೊದಲು ಲೋಕದಲ್ಲಿ ಏನೇನಿದೆ ಎಂದು ಚಿತ್ರ ಬರೆಯಬೇಕು. ಆ ಚಿತ್ರ ಸರಿ ಎಂದು ಯಾವ ಆಧಾರದ ಮೇಲೆ ಹೇಳುವುದು? ಇದು ಅವರ ಸಂಶೋಧನೆ. ಚಿತ್ರದಲ್ಲಿ ಇರುವಂಥದ್ದಕ್ಕೆ ಚೌಕದ ಡಬ್ಬಿ, ಅವುಗಳ ನಡುವಿನ ಸಂಬಂಧಕ್ಕೆ ಗೆರೆ. ಡಬ್ಬಿ ಇಲ್ಲದೆ ಗೆರೆ ನಿಲ್ಲದು ಎಂಬುದು ಮೊದಲ ಪಾಠ.

ನಾನು ಮಸ್ಕಿಯಿಂದ ಬಸ್ಸಿಗೆ ಬರುತ್ತಿದ್ದೆ. ಮದುವೆಯಾದ ವರ್ಷವೇ ಗಂಡ ತೀರಿಕೊಂಡಿದ್ದರು. ನಮ್ಮ ಮಗನೇ ಇಲ್ಲದ ಮೇಲೆ ನೀನು ನಮಗೆ ಯಾರು ಎಂದು ವಳಕಮದಿನ್ನಿಯ ಅತ್ತೆ ಮನೆಯವರು ತವರಿಗೆ ಕಳಿಸಿದ್ದರು. ನಾನು ಯಾರೂ ಅಲ್ಲವೆಂದೇ ನಂಬಿಬಿಟ್ಟಿದ್ದೆ. ಉಣ್ಣುವುದೂ ಬೇಡವಾಗಿತ್ತು. ಕಲಿಯಲು ಬಂದದ್ದು ಅಪ್ಪನ ಹಟಕ್ಕೆ.

ಒಂದು ದಿನ ಮನೆತನದ ಚಿತ್ರ ಬರೆಯಲು ನನ್ನನ್ನು ಕರೆದರು. ಒಂದು ಡಬ್ಬಿಯಲ್ಲಿ ಗಂಡ, ಇನ್ನೊಂದರಲ್ಲಿ ಹೆಂಡತಿ ಎಂದು ಬರೆದೆ. ನನ್ನ ಸಂಗತಿ ಗೊತ್ತಿಲ್ಲದ ಸರ್ ಕೇಳಿದರು: "ಗಂಡ ತೀರಿದ್ರ ಈಕಿ ಡಬ್ಬಿ ಎಲ್ಲಿ ಹೋಗತೈತವ್ವಾ?"

"ಅದೂ ಹೋಗತೈತ್ರಿ," ಎಂದೆ. ಕಣ್ಣು ತುಂಬಿ ಬಂತು. ಜೊತೆಯವರೊಬ್ಬರು ಅವರ ಕಿವಿಯಲ್ಲಿ ವಿಷಯ ಹೇಳಿದರು.

ಸರ್ ಬೋರ್ಡಿನ ಕಡೆಗೇ ಮುಖ ಮಾಡಿ ನಿಂತುಬಿಟ್ಟರು. ಆಮೇಲೆ ಎರಡೂ ಪದ ಒರೆಸಿ, ಎರಡರಲ್ಲೂ 'ಮನುಷ್ಯ' ಎಂದು ಬರೆದರು. ನಡುವೆ ಗೆರೆ ಎಳೆದು 'ಮದುವೆ' ಎಂದರು. ಹೆಂಡತಿ ಎನ್ನುವುದು ಆ ಗೆರೆ ಇರುವ ತನಕ ಬರುವ ಪಾತ್ರ, ಡಬ್ಬಿಯಲ್ಲ ಎಂದು ವಿವರಿಸಿದರು. ಕೊನೆಗೆ ಗಂಡನಿದ್ದ ಡಬ್ಬಿಯನ್ನೂ ಗೆರೆಯನ್ನೂ ಅಂಗೈಯಿಂದ ಮೆಲ್ಲಗೆ ಒರೆಸಿದರು.

"ಗೆರಿ ಹೋತು. ಈ ಡಬ್ಬಿ ಹೋಗಿಲ್ಲ ನೋಡು ತಂಗಿ. ಹೋಗಂಗಿಲ್ಲ."

ಅಂದು ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ.

ಅವರ ಸಂಶೋಧನೆ ಮುಗಿಯಲಿಲ್ಲ. ಎದೆನೋವು ಅದಕ್ಕಿಂತ ಮೊದಲು ಬಂತು. ಆಗ ನಾನು ಸಿಂಧನೂರಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ತೀರಿಕೊಂಡರೆಂಬ ಸುದ್ದಿ ತಿಳಿದು ಲಿಂಗಸುಗೂರಿಗೆ ಓಡಿದಾಗ ಅವರಿಗೆ ಸ್ನಾನ ಮಾಡಿಸಿ, ಗೋಡೆಗೆ ಒರಗಿಸಿ ಕೂಡಿಸಿದ್ದರು. ಎಡ ಅಂಗೈಯನ್ನು ಯಾರೋ ತಿಕ್ಕಿ ತೊಳೆದಿದ್ದರು. ಅದು ಸರ್ ಕೈಯಂತೆಯೇ ಇರಲಿಲ್ಲ. ನನಗೆ ದುಃಖ ತಡೆಯಲಾಗಲಿಲ್ಲ.

ಅವರು ಕಲಿಸಿದ್ದನ್ನೆಲ್ಲ ಹಾಗೆಯೇ ಕಲಿಸುತ್ತೇನೆ. ಡಬ್ಬಿ ಹೋದ ಮೇಲೆ ಗೆರೆ ಉಳಿಯುವುದಿಲ್ಲ ಎಂಬ ಆ ಮೊದಲ ಪಾಠ ಬಂದಾಗ ಮಾತ್ರ, ಸರ್ ಹೋದರೂ ಅವರ ನನ್ನ ನಡುವಿನ ಗೆರೆ ಉಳಿದೇ ಇದೆಯಲ್ಲ ಎನಿಸಿ, ಬೋರ್ಡಿನ ಕಡೆಗೆ ಮುಖ ತಿರುಗಿಸಿ ಹೇಳುತ್ತೇನೆ.